ಬಯ್ಯೂಮಿಯ ಕೊನೆಯ ದವಡೆಹಲ್ಲು

ಎಳೆತದ ಬಲ ಅಳೆಯುವ ಯಂತ್ರ ಮತ್ತೆ ಎಂಟನ್ನೇ ತೋರಿಸಿತು. ಹಲ್ಲಿನಿಂದ ಸೀಳಿದ ಸಣ್ಣ ಕಡ್ಡಿಗೆ ಅಂಟಿದ್ದ ಹೊಸ ಫಿಲ್ಲಿಂಗ್ ಟಿಕ್ಕೆಂದು ಕಳಚಿ ಟ್ರೇಯೊಳಗೆ ಬಿತ್ತು. ರಂಜಾನಿಗೆ ಮುಂಚೆ ಅಂಗಡಿಯಲ್ಲಿ ಸಿಗುವ ಹಳೆಯ ಫಿಲ್ಲಿಂಗನ್ನು ಕೀಳಲು ಇಪ್ಪತ್ತೆರಡರಷ್ಟು ಬಲ ಬೇಕಾಗಿತ್ತು.

ತಾಂತಾ ಪಟ್ಟಣದ ದಂತ ಕಾಲೇಜಿನ ನೆಲಮಾಳಿಗೆಯಲ್ಲಿ ಸಂಶೋಧನಾ ವಿದ್ಯಾರ್ಥಿನಿ ರಾವಿಯಾ ಎರಡು ವರ್ಷ ಕೂತು ಹದ ಮಾಡಿದ ಹೊಸ ಫಿಲ್ಲಿಂಗ್ ಅದು. ಗುರುವಾರದೊಳಗೆ ಇಪ್ಪತ್ತು ದಾಟದಿದ್ದರೆ ಅದನ್ನು ಕೈಬಿಟ್ಟು ಬೇರೆ ವಿಷಯ ಹಿಡಿ ಎಂದು ಅವಳ ಮಾರ್ಗದರ್ಶಕಿ ಡಾಕ್ಟರ್ ನಜ್ಲಾ ಖಡಾಖಂಡಿತವಾಗಿ ಹೇಳಿದ್ದರು. ಅವತ್ತು ಸೋಮವಾರ.

ಕಳಚಿದ ತುಂಡನ್ನು ಕಣ್ಣಿನ ಹತ್ತಿರ ತಂದಳು. ಮೂಗಿಗೆ ಏನೋ ವಾಸನೆ ತಟ್ಟಿತು. ಓಡಿಹೋಗಿ, ಪ್ರಯೋಗಕ್ಕೆಂದು ಮೇಲ್ತುದಿ ಕೊಯ್ದ ಹಲ್ಲುಗಳನ್ನು ನೀರಲ್ಲಿ ಹಾಕಿಟ್ಟಿದ್ದ ಡಬ್ಬಿಯ ಮುಚ್ಚಳ ತೆಗೆದಳು. ಲವಂಗ! ಲವಂಗದೆಣ್ಣೆ ತಾಗಿದರೆ ಇಂಥ ಫಿಲ್ಲಿಂಗ್ ಸರಿಯಾಗಿ ಗಟ್ಟಿಯಾಗುವುದಿಲ್ಲ ಎಂಬುದು ಕಾಲೇಜಿನ ಎಳೆಯ ಹುಡುಗರಿಗೂ ಗೊತ್ತು.

ಮೂಲೆಯಲ್ಲಿ ಬಯ್ಯೂಮಿ ಕಸ ಗುಡಿಸುತ್ತಿದ್ದ. ಇಪ್ಪತ್ತಾರು ವರ್ಷದಿಂದ ಅಲ್ಲೇ ಕೆಲಸದವನು.

"ಚಿಕ್ಕಪ್ಪ, ಈ ಡಬ್ಬಿಗೆ ಏನು ಹಾಕಿದ್ರಿ?"

"ಲವಂಗ, ಒಂದು ಹಿಡಿ. ರಂಜಾನಲ್ಲಿ ನೀವೆಲ್ಲ ಉಪವಾಸ. ಮುಚ್ಚಳ ತೆಗೆದ್ರೆ ಹೊಟ್ಟೆ ತೊಳಸೋ ವಾಸ್ನೆ. ಪಾಪ ಅಂತ ಹಾಕ್ದೆ. ಆಮೇಲೆ ಸೋಸಿ ತೆಗ್ದಿದೀನಿ ಡಾಕ್ಟ್ರೇ, ಒಂದೂ ಬಿಟ್ಟಿಲ್ಲ."

ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿ ನಿಂತವನ ಎದುರು ರಾವಿಯಾ ಗಟ್ಟಿಯಾಗಿ ನಕ್ಕುಬಿಟ್ಟಳು. ತಪ್ಪು ಫಿಲ್ಲಿಂಗಿನದಲ್ಲ, ಹಲ್ಲುಗಳು ಲವಂಗ ಕುಡಿದಿವೆ ಎಂದು ಅವನಿಗೆ ವಿವರಿಸುತ್ತ ಅತ್ತಿಂದಿತ್ತ ನಡೆದಾಡಿದಳು. ನಡೆಯುತ್ತಲೇ ಮುಖ ಬಾಡಿತು. ಬೇರೆ ಹಲ್ಲು ಎಲ್ಲಿಂದ ತರುವುದು? ಮೇಲಿನ ಮಹಡಿಯಲ್ಲಿ ರೋಗಿಗಳಿಂದ ಕಿತ್ತ ಹಲ್ಲು ಪಡೆಯಲು ಎರಡು ತಿಂಗಳ ಸರದಿಯಿತ್ತು. ಒಂದೇ ಒಂದು ಗಟ್ಟಿ ಹಲ್ಲು ಸಿಕ್ಕರೆ ಸಾಕು, ಸೀಳಿ ಹನ್ನೆರಡು ಕಡ್ಡಿ ಮಾಡಬಹುದಿತ್ತು.

ಬಯ್ಯೂಮಿ ಪೊರಕೆ ಗೋಡೆಗೆ ಒರಗಿಸಿದ. ದಂತ ಕಾಲೇಜಿನಲ್ಲೇ ತಲೆ ನರೆತರೂ ಅವನು ಹಲ್ಲು ಕೀಳುವ ಕುರ್ಚಿಯಲ್ಲಿ ಒಮ್ಮೆಯೂ ಕೂತವನಲ್ಲ. ನೋಯುವ ದವಡೆಗೆ ಒತ್ತಲು ಜೇಬಿನಲ್ಲಿ ಸದಾ ಲವಂಗ ಇಟ್ಟುಕೊಂಡಿರುತ್ತಿದ್ದ. ಹುಡುಗರು ಅವನನ್ನು ಮಸಾಲೆ ಅಂಗಡಿ ಎಂದು ಕಾಡುತ್ತಿದ್ದರು.

"ನನ್ನದು ನಡೆಯುತ್ತಾ? ಹುಳುಕಿಲ್ಲ, ಸುಮ್ನೆ ವಾಲ್ಕೊಂಡಿದೆ ಅಂತ ನೀವೇ ನೋಡಿ ಹೇಳಿದ್ರಿ."

"ಹುಳುಕಿಲ್ದಿದ್ರೆ ಒಳಗೆ ಲವಂಗ ಇಳಿದಿರಲ್ಲ. ಆದ್ರೆ ನನಗೋಸ್ಕರ ಬೇಡ ಚಿಕ್ಕಪ್ಪ."

"ನಿಮಗೋಸ್ಕರ ಯಾರು ಕೀಳಿಸ್ಕೋತಾರೆ? ಹಬ್ಬದ ಕಹಕ್ ಬಿಸ್ಕತ್ತು ಕೂಡ ಒಂದೇ ದವಡೇಲಿ ತಿಂದೆ."

ಹಲ್ಲು ಕೀಳಿಸಿಕೊಳ್ಳಲು ಅವನು ಕೈಗಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ. ಮುಕ್ಕಾಲು ಗಂಟೆಯ ನಂತರ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದು, ಬಿಗಿದ ಮುಷ್ಟಿಯನ್ನು ಅವಳೆದುರು ಬಿಡಿಸಿದ.

ಹಲ್ಲನ್ನು ಕೊಯ್ದು, ಫಿಲ್ಲಿಂಗ್ ಅಂಟಿಸಿ, ಒಂದು ದಿನ ಬರಿಯ ನೀರಲ್ಲಿಟ್ಟು, ಕಡ್ಡಿ ಸೀಳುವಷ್ಟರಲ್ಲಿ ಬುಧವಾರ ಬಂತು. ಯಂತ್ರ ಮೊದಲ ಕಡ್ಡಿಯನ್ನು ಎರಡೂ ಕಡೆಯಿಂದ ಎಳೆಯತೊಡಗಿತು. ಎಂಟು ದಾಟಿತು. ಹದಿನಾಲ್ಕು. ಹತ್ತೊಂಬತ್ತು. ರಾವಿಯಾ ಉಸಿರು ಬಿಡಲಿಲ್ಲ. ಇಪ್ಪತ್ತನಾಲ್ಕು, ಇಪ್ಪತ್ತೊಂಬತ್ತು, ಮೂವತ್ತೊಂದು. ಟಪ್ಪೆಂದಿತು.

ಕಡ್ಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಅಂಟು ಬಿಟ್ಟಿರಲಿಲ್ಲ.

"ಹಲ್ಲೇ ಮುರಿದಿದೆ ಚಿಕ್ಕಪ್ಪ. ಫಿಲ್ಲಿಂಗ್ ಕಚ್ಕೊಂಡೇ ಇದೆ."

ಊದಿದ ಕೆನ್ನೆ ಹಿಡಿದು ನಿಂತಿದ್ದ ಬಯ್ಯೂಮಿಗೆ ತುಸು ಅವಮಾನವಾದಂತಿತ್ತು. "ನನ್ನ ಹಲ್ಲು ಅಷ್ಟೊಂದು ಮೆದುವಲ್ಲ," ಎಂದು ತೊದಲುತ್ತ ಚಿಮುಟದಿಂದ ಎರಡನೆಯ ಕಡ್ಡಿಯನ್ನೆತ್ತಿ ಅವಳ ಕೈಗೆ ಕೊಟ್ಟ. "ಇನ್ನೊಂದ್ಸಲ ಎಳೀರಿ, ನೋಡೋಣ."