ಎರಡನೇ ಎಳೆ

ನಮ್ಮ ಅಣ್ಣ ಬಾಗಿಲು, ಕಿಟಕಿ, ಕಪಾಟು ಮಾಡುತ್ತಾನೆ. ನೆಟ್ಟಗಿರುವುದನ್ನು ಮಾತ್ರ. ಬಾಗಿದ ಕೈಗಳ ಕುರ್ಚಿ ಬೇಕೆಂದು ಯಾರಾದರೂ ಬಂದರೆ ಬೇರೆ ಅಂಗಡಿ ತೋರಿಸಿ ಕಳಿಸುತ್ತಾನೆ. "ನಿನ್ನ ಹಾಗೇ ನಿನ್ನ ಕೆಲಸಾನೂ, ಬಗ್ಗೋದೇ ಇಲ್ಲ" ಎಂದು ನಾನು ಎಷ್ಟೋ ಸಲ ಕಿಚಾಯಿಸಿದ್ದೇನೆ. ಅವನೂ ನಗುತ್ತಿದ್ದ. ಈಗ ನಾನು ಹಾಗೆ ಕಿಚಾಯಿಸುವುದಿಲ್ಲ.

ಹೋದ ತಿಂಗಳು, ಅಪ್ಪನ ನಂತರ ನಾನು ನಡೆಸುತ್ತಿರುವ ನಮ್ಮ ದೋಣಿ ಶೆಡ್ಡಿಗೆ ಹಳೇ ದೋಣಿಯೊಂದು ರಿಪೇರಿಗೆ ಬಂತು. ಇಬ್ಬರು ಕೂತು ಹುಟ್ಟು ಹಾಕುವಷ್ಟು ಚಿಕ್ಕದು. "ನಮ್ಮಪ್ಪ ನಿಮ್ಮಪ್ಪನ ಹತ್ರ ತಗೊಂಡಿದ್ದು. ನನ್ನ ಮಕ್ಕಳನ್ನ ಇದರಲ್ಲಿ ಕೂರಿಸ್ಬೇಕು ಅಂತ ಆಸೆ" ಎಂದಳು ತಂದ ಹೆಂಗಸು. ಅವಳು ಹೇಳುವ ಮುಂಚೆಯೇ ನನಗೆ ಗುರುತು ಸಿಕ್ಕಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಅಣ್ಣ ಕಟ್ಟಿದ ಕೊನೆಯ ದೋಣಿ ಅದು.

ಹೊಸ ಮರದ ದೋಣಿ ನೀರಿಗಿಳಿದ ಮೊದಲ ಕೆಲವು ದಿನ ಸೋರುತ್ತದೆ. ಹಲಗೆಗಳು ನೀರು ಕುಡಿದು ಊದಿ ಒಂದಕ್ಕೊಂದು ಒತ್ತಿಕೊಂಡ ಮೇಲೆ ಸೋರುವುದು ತಾನಾಗಿ ನಿಲ್ಲುತ್ತದೆ. ಅದಕ್ಕೇ ಸಂದುಗಳಿಗೆ ಹತ್ತಿಯ ಎಳೆಯನ್ನು ಹಗುರವಾಗಿ ತುಂಬಬೇಕು. ಊದಲು ಮರಕ್ಕೆ ಜಾಗ ಬೇಕು. ಅಪ್ಪನ ಶೆಡ್ಡಿನಲ್ಲಿ ಆಗ ಹತ್ತಿ ತುಂಬುವುದು ನನ್ನ ಕೆಲಸ. ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಪಟ್ಟಿಗಳನ್ನು ಹಬೆಯಲ್ಲಿ ಬೇಯಿಸಿ, ಈ ಅಂಚಿನಿಂದ ಆ ಅಂಚಿಗೆ ಬಗ್ಗಿಸಿ ಕೂರಿಸುವುದು ಅಣ್ಣನದು.

ಅವತ್ತು ಈ ಕೊನೆಯ ದೋಣಿಯನ್ನು ನೀರಿಗಿಳಿಸಿ, "ಮೂರು ದಿನ ಮುಟ್ಬೇಡ ಪಟಾಕಿ, ಸೋರಿದ್ರೆ ಸೋರ್ಲಿ" ಎಂದು ಹೇಳಿ ಅವನು ಮರ ತರಲು ಹೋದ. ಪಟಾಕಿ ಎಂಬುದು ನನ್ನ ಸಿಟ್ಟು ನೋಡಿ ಅವನೇ ಇಟ್ಟ ಹೆಸರು. ಮಾರನೇ ದಿನ ನೋಡಿದರೆ ದೋಣಿಯೊಳಗೆ ಪಾದ ಮುಳುಗುವಷ್ಟು ನೀರು. ಕೊಳ್ಳುವವರು ಸೋಮವಾರ ಬರುವವರಿದ್ದರು. ನನಗೆ ತಾಳ್ಮೆ ಎಲ್ಲಿತ್ತು? ದೋಣಿಯನ್ನು ದಡಕ್ಕೆ ಎಳೆಸಿ, ಸಂದುಗಳಿಗೆ ಎರಡನೇ ಎಳೆ ಬಡಿದೆ. ಎಡಗಡೆ ಮುಗಿಯುವಷ್ಟರಲ್ಲಿ ರಟ್ಟೆ ಸೋತಿತು. ಬಲಗಡೆ ಹಾಗೇ ಬಿಟ್ಟು ಮತ್ತೆ ನೀರಿಗೆ ತಳ್ಳಿಸಿದೆ.

ಸೋಮವಾರ ಕೊಳ್ಳುವವರ ಎದುರಿಗೇ ನೋಡಿದರೆ ಎಡಗಡೆ ಏಳು ಪಟ್ಟಿಗಳು ಸೀಳಿದ್ದವು. ಅಪ್ಪ, ಮರ ತಂದು ವಾಪಸಾಗಿದ್ದ ಅಣ್ಣನ ಕಡೆ ತಿರುಗಿ, "ಸರಿಯಾಗಿ ಬೇಯಿಸ್ದೆ ಬಗ್ಗಿಸಿದೀಯ. ನಿನ್ನ ಕೈಗೆ ಈ ಕೆಲಸ ಕೊಟ್ಟಿದ್ದೇ ನನ್ನ ತಪ್ಪು" ಎಂದರು. ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. "ಇನ್ನೊಂದು ಸ್ವಲ್ಪ ಹೊತ್ತು ಬೇಯ್ಲಿ ಅಂತ ನಾನು ಆಗ್ಲೇ ಹೇಳಿದ್ದೆ" ಎಂದು ನನ್ನದೂ ಒಂದು ಮಾತು ಸೇರಿಸಿದೆ. ಎರಡನೇ ಎಳೆಯ ವಿಷಯ ಎತ್ತಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಂಬುವುದು ನನಗೆ ಅನುಕೂಲವಾಗಿತ್ತು. ಬಲಗಡೆ ಯಾರೂ ಬಗ್ಗಿ ನೋಡಲಿಲ್ಲ. ಸೀಳಿದ ಕಡೆ ಅಪ್ಪ ಪಕ್ಕಕ್ಕೊಂದು ತುಂಡು ಜೋಡಿಸಿ ದೋಣಿ ಸಾಗಹಾಕಿದರು. ಅಣ್ಣ ಆ ತಿಂಗಳೇ ಶೆಡ್ಡು ಬಿಟ್ಟ. ಅಪ್ಪ ಸಾಯುವವರೆಗೂ ತಪ್ಪು ಅವನದೇ ಎಂದು ನಂಬಿದ್ದರು.

ಈಗ ಬಣ್ಣ ಕೆರೆದು ಹತ್ತಿ ಕಿತ್ತೆ. ಬಲಗಡೆ ಒಂದೆಳೆ. ಎಡಗಡೆ ಎರಡು, ಕಲ್ಲಿನಷ್ಟು ಗಟ್ಟಿ. ಪಟ್ಟಿ ಅದೇ, ಬೇಯಿಸಿದ ಹಬೆ ಅದೇ. ಆದರೆ ಎಡಭಾಗ ಸೀಳಿದೆ, ಬಲಭಾಗ ನಿನ್ನೆ ಬಗ್ಗಿಸಿದಂತಿದೆ. ಊದಲು ಜಾಗ ಸಿಗದ ಎಡಗಡೆಯ ಹಲಗೆಗಳು ಪಟ್ಟಿಗಳನ್ನೇ ಎಳೆದು ಸೀಳಿದ್ದವು.

ಹೊಸ ಪಟ್ಟಿಗಳನ್ನು ಕೂರಿಸುವ ದಿನ ಅಣ್ಣನಿಗೆ ಫೋನ್ ಮಾಡಿ ಕರೆಸಿದೆ. ಒಂದೂ ಬಿಡದೆ ಹೇಳಿದೆ. ಅವನು ಕಿತ್ತಿಟ್ಟಿದ್ದ ಹಳೇ ಪಟ್ಟಿಯೊಂದರ ಬಲಭಾಗದ ಮೇಲೆ ಹೆಬ್ಬೆರಳು ಆಡಿಸುತ್ತಾ ನಿಂತಿದ್ದ.

"ಹಾಗಾದ್ರೆ ಹಬೆ ಸರಿಯಾಗೇ ಇತ್ತು."

"ಇತ್ತು ಅಣ್ಣ. ಎಲ್ಲಾ ನನ್ನಿಂದ ಆಗಿದ್ದು. ಬೈಯಿ ನನಗೆ."

ಅವನು ಬೈಯಲಿಲ್ಲ. "ಮಗಳು ಹುಟ್ಟಿದಾಗ ತೊಟ್ಟಿಲಿಗೂ ನೆಟ್ಟಗಿನ ಕಾಲೇ ಹಾಕ್ದೆ ಕಣೆ. ಬಾಗಿದ್ದು ಹಾಕಿದ್ರೆ ಎಲ್ಲಿ ಮುರಿದು ಮಗು ಬೀಳುತ್ತೋ ಅಂತ" ಎಂದ. "ಅದು ತೂಗ್ತಾನೇ ಇರ್ಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಹಬೆಪೆಟ್ಟಿಗೆಯಲ್ಲಿ ಏಳು ಪಟ್ಟಿಗಳು ಬೆಂದಿದ್ದವು. "ಒಂದನ್ನಾದ್ರೂ ನೀನು ಬಗ್ಗಿಸು" ಎಂದು ಬೇಡಿಕೊಂಡೆ. ಹೊರಗೆ ತೆಗೆದ ಪಟ್ಟಿಯನ್ನು ಇಪ್ಪತ್ತು ಎಣಿಸುವುದರೊಳಗೆ ಕೂರಿಸಬೇಕು. ಆಮೇಲೆ ಮರ ಮಾತು ಕೇಳುವುದಿಲ್ಲ. ಅವನು ಕೈಗವಸು ಹಾಕಿಕೊಂಡು ಒಂದನ್ನು ಎಳೆದುಕೊಂಡ. ಸ್ವಲ್ಪ ಒತ್ತಿದ, ಸಡಿಲಿಸಿದ. ಮತ್ತೆ ಒತ್ತಿದ. ಹಿಂದೆಲ್ಲ "ಬೇಗ, ಬೇಗ" ಎಂದು ಕಿರುಚುತ್ತಿದ್ದ ನಾನು ಈ ಸಲ ತುಟಿ ಕಚ್ಚಿಕೊಂಡು ನಿಂತಿದ್ದೆ. ಮರದಿಂದ ಏಳುತ್ತಿದ್ದ ಹಬೆ ತೆಳ್ಳಗಾಗಿ ನಿಂತುಹೋಯಿತು. ಅವನು ಪಟ್ಟಿಯನ್ನು ನೆಟ್ಟಗೆ ಬೆಂಚಿನ ಮೇಲಿಟ್ಟ.

"ತಣ್ಣಗಾಯ್ತು" ಎಂದ.

"ಇನ್ನೂ ಆರು ಇವೆ ಅಣ್ಣ."

ಅವನು ಕೈಗವಸು ಬಿಚ್ಚಿ ನನಗೆ ಕೊಟ್ಟ. "ನೀನು ಬಗ್ಗಿಸು. ನಾನು ತುದಿ ಹಿಡ್ಕೋತೀನಿ."

ಅವನು ಕಟ್ಟಿದ ದೋಣಿಗೆ ಆರು ಪಟ್ಟಿಗಳನ್ನೂ ನಾನೇ ಬಗ್ಗಿಸಿದೆ. ಒಂದೊಂದು ಬಾಗುವಾಗಲೂ ಅವನು ತುದಿಯನ್ನು ಬಿಗಿಯಾಗಿ ಹಿಡಿದು, ಮುರಿಯುವ ಸದ್ದಿಗೆ ಕಾಯುವವನ ಹಾಗೆ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ.