ಒಳಜೇಬಿನ ಎಣ್ಣೆ

ನೆತ್ತಿ ಸುಡುವ ಬಿಸಿಲಿನಲ್ಲಿ, ಊರಿಗೆ ಊರೇ ತೆಳು ಅಂಗಿ ತೊಟ್ಟು ನೆರಳು ಹುಡುಕಿಕೊಂಡು ನಡೆಯುತ್ತಿರುವಾಗ, ದಪ್ಪ ಉಣ್ಣೆಯ ಕಂದು ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಹಿಡಿದು, ಧಾರಾಕಾರವಾಗಿ ಬೆವರುತ್ತ ಯಾರಾದರೂ ಬರುತ್ತಿದ್ದರೆ ಅವರು ನಮ್ಮ ಸೋದರಮಾವನೆಂದು ಬೀದಿಯ ಆ ತುದಿಯಿಂದಲೇ ಹೇಳಬಹುದಿತ್ತು. ಹೊಸಬರು ಚಳಿಜ್ವರವಿರಬೇಕೆಂದು ಮರುಗುತ್ತಿದ್ದರು. ಬಲ್ಲವರು ‘ಕಾವುಕೋಳಿ ಹೊರಟಿತು’ ಎಂದು ನಗುತ್ತಿದ್ದರು. ಅಡ್ಡಹೆಸರು ಸರಿಯಾಗಿಯೇ ಇತ್ತು. ಆ ಕೋಟಿನ ಒಳಮೈ ತುಂಬ ಪುಟ್ಟ ಜೇಬುಗಳು, ಜೇಬಿಗೊಂದು ಗಾಜಿನ ಸೀಸೆ, ಸೀಸೆಯಲ್ಲಿ ಅಂದು ಯಾರದೋ ಬೆನ್ನಿಗೋ ಮಂಡಿಗೋ ಸಲ್ಲಬೇಕಾದ ಎಣ್ಣೆ. ಅದು ಬೆಳಗಿನಿಂದಲೂ ಮಾವನ ಮೈಯ ಕಾವಿನಲ್ಲೇ ಬೆಚ್ಚಗಾಗುತ್ತಿತ್ತು.

“ಒಲೆ ಮೇಲಿಟ್ರೆ ಎಣ್ಣೆಗೆ ಒಲೆ ಬಿಸಿ ಬರುತ್ತೆ. ಮೈಗೆ ಬೇಕಾಗಿರೋದು ಮೈ ಬಿಸಿ” ಎಂಬುದು ಅವರ ಸಿದ್ಧಾಂತ. ಇದನ್ನು ಒಪ್ಪಿದವರಿಗಿಂತ ಒಪ್ಪದವರೇ ಹೆಚ್ಚು. ಆದರೆ ಒಪ್ಪದವರೂ ಬೆನ್ನು ಹಿಡಿದುಕೊಂಡ ದಿನ ಅವರ ಬಳಿಗೇ ಬರುತ್ತಿದ್ದರು.

ಎಣ್ಣೆ ಹಚ್ಚಿ ಮೈ ನೀವುವುದು ಅವರ ವೃತ್ತಿ, ಈಜುಕೊಳದ ಹಿಂಬದಿಯ ಉದ್ದನೆಯ ಕೋಣೆ ಅವರ ಕರ್ಮಭೂಮಿ. ಚರ್ಮ ಬಿರಿದ ಎತ್ತರದ ಮೇಜು, ಮಸುಕು ಗಾಜಿನ ಒಂದೇ ಕಿಟಕಿ, ಮಡಿಸಿಟ್ಟ ಟವೆಲುಗಳ ರಾಶಿ, ಗೋಡೆಯೊಳಗೆ ಸದಾ ಗುಳುಗುಳು ಎನ್ನುವ ನೀರಿನ ಕೊಳವೆ. ಅಲ್ಲಿ ಕುಳಿತು ಎಣ್ಣೆಗಳ ಬಗ್ಗೆ ಮಾತಾಡತೊಡಗಿದರೆಂದರೆ ಮಾವ ನೆಂಟರಿಷ್ಟರ ಸುದ್ದಿ ಹೇಳುತ್ತಿದ್ದಾರೇನೋ ಅನ್ನಿಸುತ್ತಿತ್ತು. ಎಳ್ಳೆಣ್ಣೆ ಮನೆಯ ಹಿರಿಯ. ಸಂದುಸಂದಿಗೂ ಇಳಿದು ಹಳೆಯ ನೋವುಗಳನ್ನು ಸಮಾಧಾನದಿಂದ ವಿಚಾರಿಸಿಕೊಳ್ಳುತ್ತಾನೆ. ಹರಳೆಣ್ಣೆ ಮಂದಗಮನದ ಭಾವ, ಎದ್ದು ಬರುವುದು ನಿಧಾನ, ಬಂದು ಊದಿದ ಮಂಡಿಯ ಮೇಲೆ ಕುಳಿತರೆ ಸುಲಭಕ್ಕೆ ಏಳುವುದಿಲ್ಲ. ಕೊಬ್ಬರಿ ಎಣ್ಣೆ ತಣ್ಣನೆಯ ಸ್ವಭಾವದವಳು. ಸಾಸಿವೆ ಎಣ್ಣೆ ಮಹಾ ಮುಂಗೋಪಿ, ಚಳಿಗಾಲದಲ್ಲಿ ಮಾತ್ರ ಕರೆಯತಕ್ಕದ್ದು. ಮುದುಕರ ಕಾಗದದಂಥ ಚರ್ಮಕ್ಕೆ ಮೃದುಭಾಷಿಣಿಯಾದ ಬಾದಾಮಿ ಎಣ್ಣೆ. ಇಷ್ಟೆಲ್ಲ ವರ್ಣಿಸಿದ ಮೇಲೆ, ಕೇಳುವವರು ಮರುಳಾಗಿ ಬಾಯಿ ತೆರೆದಿರುವಾಗ, ತಾವೇ ಎಲ್ಲಕ್ಕೂ ನೀರೆರಚುತ್ತಿದ್ದರು: “ಎಣ್ಣೆ ಪವಾಡ ಮಾಡಲ್ಲ ಮಾರಾಯ. ಕೈಗೂ ಮೈಗೂ ಜಗಳ ಆಗದ ಹಾಗೆ ನೋಡ್ಕೊಳ್ಳುತ್ತೆ, ಅಷ್ಟೇ.”

ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು ‘ಉಸಿರು ಬಿಡಿ’. ಮೇಜಿನ ಮೇಲೆ ಮಲಗಿದವರಿಗೆ ಹೇಳಿ ಹೇಳಿ ಅಭ್ಯಾಸವಾಗಿ, ಅಂಗಡಿಯಲ್ಲಿ ಕೂಗಾಡುವ ಗಿರಾಕಿಗೂ, ಆಟದಲ್ಲಿ ಸೋತು ಅಳುವ ನಮಗೂ, ಒಮ್ಮೆ ಉದ್ದ ಭಾಷಣದ ನಡುವೆ ಕೆಮ್ಮಿದ ಅಧ್ಯಕ್ಷರಿಗೂ ಅದನ್ನೇ ಹೇಳಿದ್ದರು.

ತಪ್ಪು ಮಾಡಿದ್ದೂ ಉಂಟು. ಜಿಡ್ಡಿಗೆ ಚೀಟಿಗಳು ನಿಲ್ಲದ ಕಾರಣ ಯಾವ ಎಣ್ಣೆ ಯಾವುದೆಂಬುದನ್ನು ಅವರು ಜೇಬಿನ ಜಾಗದಿಂದಲೇ ತಿಳಿಯುತ್ತಿದ್ದರು. ಒಮ್ಮೆ ನಮ್ಮ ಅತ್ತೆ ಕೋಟನ್ನು ಒಗೆದು, ಸವೆದ ಜೇಬುಗಳನ್ನು ಬಿಚ್ಚಿ ಹೊಸದಾಗಿ ಹೊಲಿಯುವಾಗ ಎಡದ ಎರಡನ್ನು ಅದಲುಬದಲು ಮಾಡಿದ್ದರು. ಸೀಸೆಗಳನ್ನು ಜೇಬುಗಳಿಗೆ ಮರಳಿ ತುಂಬಿಟ್ಟವರೂ ಅವರೇ. ಮಾವನಿಗೆ ಅಂದು ನೆಗಡಿ, ಮೂಗು ಕಟ್ಟಿತ್ತು. ಬಾದಾಮಿ ಎಣ್ಣೆ ಸೇರಬೇಕಾಗಿದ್ದ ವೃದ್ಧ ಸಂಗೀತ ಶಿಕ್ಷಕಿಯ ಬೆನ್ನಿಗೆ ಸಾಸಿವೆ ಎಣ್ಣೆ ಸೇರಿತು. ಆಕೆ ಟವೆಲು ಸುತ್ತಿಕೊಂಡು ಕೋಣೆಯ ತುಂಬ ಕುಣಿದಾಡಿ, ಉರಿ ಇಳಿದ ಮೇಲೆ, “ಹಾಡು ಕಲಿಸೋದೇ ಆಯ್ತು, ಇವತ್ತು ನೃತ್ಯಾನೂ ಆಯ್ತು ನೋಡಿ” ಎಂದು ನಕ್ಕುಬಿಟ್ಟರಂತೆ. ಮಾವ ಮಾತ್ರ ಮನೆಗೆ ಬಂದು ಅತ್ತೆಯ ಮೇಲೆ ರೇಗಲಿಲ್ಲ. ಹೊಸ ಜಾಗಗಳನ್ನು ಬಾಯಿಪಾಠ ಮಾಡಿಕೊಂಡರು.

ಆ ಅತ್ತೆಯ ವಿಷಯ ಹೇಳದೆ ಮಾವನ ಚಿತ್ರ ಪೂರ್ತಿಯಾಗುವುದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಅವರದು ಹೊಲಿಗೆಯ ಕಾಯಕ. ಮದುವೆಯಾದ ಹೊಸತರಲ್ಲಿ ಮಾವನ ಹೆಬ್ಬೆರಳಿನ ಎಣ್ಣೆ ಗಿರಾಕಿಯೊಬ್ಬರ ಬಿಳಿಯ ರೇಷ್ಮೆಗೆ ತಾಗಿ, ಏನು ಮಾಡಿದರೂ ಆ ಕಲೆ ಹೋಗದೆ, ಅತ್ತೆ ಅತ್ತು ಕರೆದು, ಅಂದೇ ಕಟ್ಟಪ್ಪಣೆಯಾಗಿತ್ತು: ಎಣ್ಣೆಯ ಕೈ ಮುಂಗೋಣೆಗೆ ಬರಕೂಡದು. ಅಂದಿನಿಂದ ಮಾವ ಹಿತ್ತಿಲ ಬಾಗಿಲಿನಿಂದ ಬಂದು, ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದು, ಬಟ್ಟೆ ಬದಲಿಸಿದರೂ ಮುಂಗೋಣೆಯ ಹೊಸ್ತಿಲಲ್ಲೇ ನಿಂತು ಮಾತಾಡುತ್ತಿದ್ದರು. ಊರಿನ ಬೆನ್ನುಗಳನ್ನೆಲ್ಲ ಹಗುರಾಗಿಸಿದ ಆ ಕೈ, ಯಂತ್ರದ ಮುಂದೆ ದಿನವಿಡೀ ಬಾಗಿ ಕೂತ ಹೆಂಡತಿಯ ಹೆಗಲ ಮೇಲೆ ಒಂದು ದಿನವೂ ಬಿದ್ದಿರಲಿಲ್ಲ.

ಮಾವನದೂ ಒಂದು ಹಟವಿತ್ತು. ಬಾಯಿ ಬಿಟ್ಟು ಕೇಳದವರ ಮೈಯನ್ನು ಅವರು ಮುಟ್ಟುತ್ತಿರಲಿಲ್ಲ. ಎದುರಿಗಿದ್ದವರು ಕುಂಟುತ್ತಿದ್ದರೂ ‘ಬನ್ನಿ, ನೋಡ್ತೀನಿ’ ಅನ್ನುತ್ತಿರಲಿಲ್ಲ. “ಮೈ ಅಂದ್ರೆ ಅವರವರ ಮನೆ. ಕರೀದೆ ಒಳಗೆ ಹೋಗೋಕಾಗುತ್ತಾ?” ಎನ್ನುತ್ತಿದ್ದರು.

ಈ ಎರಡು ಹಟಗಳು ಒಂದೇ ಸೂರಿನಡಿ ಹೇಗೋ ಹೊಂದಿಕೊಂಡಿದ್ದವು, ಅತ್ತೆಯ ಬಲಭುಜ ಹಿಡಿದುಕೊಳ್ಳುವವರೆಗೆ. ಕೈ ಎದೆಮಟ್ಟಕ್ಕಿಂತ ಮೇಲೇಳದಾಯಿತು. ತಲೆ ಬಾಚಿಕೊಳ್ಳಲಾಗದು, ಕತ್ತರಿ ಹಿಡಿಯಲಾಗದು. ನನ್ನ ತಾಯಿ ಹೋಗಿ ಜಡೆ ಹೆಣೆದು ಬರಬೇಕು. ವೈದ್ಯರು ವ್ಯಾಯಾಮ ಹೇಳಿ, ಜೊತೆಗೆ ಬಲ್ಲವರಿಂದ ಎಣ್ಣೆ ಹಚ್ಚಿಸಿ ನೀವಿಸಿಕೊಳ್ಳಿ ಎಂದಿದ್ದರು. ಅತ್ತೆ ಮನೆಗೆ ಬಂದು ವ್ಯಾಯಾಮದ ಮಾತನ್ನಷ್ಟೇ ಹೇಳಿದರು. ಯಂತ್ರಕ್ಕೆ ಬಟ್ಟೆ ಮುಚ್ಚಿದ್ದಾಯಿತು. ಗಿರಾಕಿಗಳು ಅರ್ಧ ಹೊಲಿದ ಉಡುಪುಗಳನ್ನು ಮರಳಿ ಒಯ್ಯತೊಡಗಿದರು. ಆ ಯಂತ್ರ ನಿಂತರೆ ಅತ್ತೆಯೂ ನಿಂತಂತೆಯೇ ಎಂಬುದು ನಮಗೆಲ್ಲ ತಿಳಿದಿತ್ತು.

ನನ್ನ ತಾಯಿಗೆ ರೇಗಿಹೋಯಿತು. “ಊರೋರ ಬೆನ್ನೆಲ್ಲ ತಿಕ್ಕೋನಿಗೆ ಕಟ್ಕೊಂಡವಳ ಭುಜ ಕಾಣಲ್ವೇನೋ?”

“ಕಾಣುತ್ತೆ ಅಕ್ಕ. ಅವಳು ಕೇಳ್ಲಿ.”

“ಕೇಳ್ದೇ ಹೋದ್ರೆ?”

ಮಾವನ ಮುಖದಲ್ಲಿ ಅಷ್ಟು ಭಯವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಒಂದು ಮಧ್ಯಾಹ್ನ ನಾನು ಅಲ್ಲಿಯೇ ಇದ್ದೆ. ಮಾವ ಕೆಲಸದಿಂದ ಬಂದು, ಕೈ ತೊಳೆದು, ಯಾಕೋ ಅಂದು ಕೋಟನ್ನು ತೆಗೆಯದೆ ಹೊಸ್ತಿಲಲ್ಲಿ ನಿಂತಿದ್ದರು. ಅತ್ತೆ ಎಡಗೈಯಿಂದ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆಯಲು ಹೆಣಗುತ್ತಿದ್ದರು. ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆದರು, ಮತ್ತೆ ಸೊಟ್ಟ. ತಲೆಯೆತ್ತದೆಯೇ ಕೇಳಿದರು:

“ಎದೆ ಹತ್ರದ ಆ ಒಳಜೇಬಲ್ಲಿ ಇರೋದು ಯಾರದು?”

“ಒಬ್ಬರದು. ಅವರಿನ್ನೂ ಕೇಳಿಲ್ಲ.”

“ದಿನಾ ಹೊತ್ಕೊಂಡು ಹೋಗ್ತೀರಿ, ಹಾಗೇ ವಾಪಸ್ ತರ್ತೀರಿ. ಜೇಬು ಹೊಲಿದವಳಿಗೆ ಗೊತ್ತಾಗಲ್ವಾ?”

ಮಾವ ಕೋಟಿನ ಮೇಲಿಂದಲೇ ಆ ಜೇಬನ್ನು ಮುಟ್ಟಿ ನೋಡಿಕೊಂಡರು.

“ಸರಿ. ಕೇಳಿದೆ ಅಂತ ಅಂದ್ಕೊಳ್ಳಿ.”

“ಅಂದ್ಕೊಳ್ಳೋಕಾಗಲ್ಲ ಕಣೇ.”

ಅತ್ತೆ ಸೀಮೆಸುಣ್ಣವನ್ನು ಎಸೆದುಬಿಟ್ಟರು. ಸಿಟ್ಟಿನಿಂದ ಕೆಂಪಾದ ಮುಖ ನೋಡನೋಡುತ್ತಿದ್ದಂತೆ ಮಗುವಿನದರಂತೆ ಸಡಿಲಾಯಿತು. “ನೋಯ್ತಾ ಇದೆ ರೀ. ತುಂಬಾ ನೋಯ್ತಾ ಇದೆ. ನೋಡಿ ಸ್ವಲ್ಪ.”

ಮಾವ ಹೊಸ್ತಿಲು ದಾಟಿದರು. ಒಳಜೇಬಿನ ಸೀಸೆಯಲ್ಲಿದ್ದುದು ಎಳ್ಳೆಣ್ಣೆಗೆ ಒಂದಿಷ್ಟು ಹರಳೆಣ್ಣೆ ಬೆರೆಸಿದ್ದು. ನಡಿಗೆ ನೋಡಿಯೇ ನೋವಿನ ನೆಲೆ ಅರಿಯುತ್ತಿದ್ದ ಮನುಷ್ಯ, ಅಂಗೈಗೆ ಎಣ್ಣೆ ಸುರಿದುಕೊಂಡು ಹೊಸಬನ ಹಾಗೆ ತಡವರಿಸಿ, “ಎಲ್ಲಿ?” ಎಂದು ಕೇಳಿದರು.

“ಎಲ್ಲಾ ಕಡೆ” ಎಂದರು ಅತ್ತೆ.

ನಾನು ಮೆಲ್ಲನೆ ಎದ್ದು ಹೊರಗೆ ಬಂದೆ.

ಕೈ ಒಂದೇ ಸಲಕ್ಕೆ ಏಳಲಿಲ್ಲ. ದಿನಕ್ಕಿಷ್ಟು ಎಂದು, ವ್ಯಾಯಾಮದ ಜೊತೆಜೊತೆಗೆ, ಮೊದಲು ಹೆಗಲಿಗೆ, ಆಮೇಲೆ ಜಡೆಗೆ ಎಟುಕಿತು. ಮೇಲಿನ ಕಪಾಟು ಕೊನೆಯವರೆಗೂ ಎಟುಕಲಿಲ್ಲ, ಅಲ್ಲಿರುವುದನ್ನು ಮಾವನೇ ತೆಗೆದುಕೊಡುತ್ತಿದ್ದರು. ಯಂತ್ರ ಮತ್ತೆ ಓಡಿತು. ಮಾವ ತೀರಿಕೊಂಡು ಈಗ ಬಹಳ ಕಾಲವಾಯಿತು. ಅವರಂಥವರನ್ನು ನೆನೆದಾಗ ಮನಸ್ಸು ತುಂಬಿ ಬರುತ್ತದೆ, ಜೊತೆಗೇ ಸ್ವಲ್ಪ ಸಿಟ್ಟೂ ಬರುತ್ತದೆ. ನಮ್ಮ ನೋವು ಅವರಿಗೆ ಕಾಣಲಿಲ್ಲವೆಂದು ನಾವು ದೂರುತ್ತಿರುವಾಗ, ಅದನ್ನು ಹೇಳುವ ಹಕ್ಕು ನಮ್ಮದೇ ಎಂದು ಗೌರವದಿಂದ ಬಾಗಿಲಾಚೆ ನಿಂತಿರುವವರು ಅವರು. ಅವರಿಗಿರುವ ಅಪಾಯ ಒಂದೇ, ಒಳಗಿರುವವರೂ ಅವರಷ್ಟೇ ಹಟಮಾರಿಗಳಾಗಿಬಿಡುವುದು. ಎಷ್ಟೋ ಮನೆಗಳಲ್ಲಿ ಹಾಗೆಯೇ ಆಗಿ, ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಲೇ ಮುದುಕರಾಗುತ್ತಾರೆ. ನಮ್ಮ ಅತ್ತೆ ಬಾಯಿ ಬಿಟ್ಟು ಕೇಳಿದರು. ಅದಕ್ಕಿಂತ ದೊಡ್ಡ ಧೈರ್ಯವನ್ನು ನಮ್ಮ ಮನೆತನದಲ್ಲಿ ನಾನು ಕಂಡಿಲ್ಲ.