ಛತ್ರದೊಳಗಿನ ಕಾವಳ

"ಕೈ ಮಾತ್ರ ಬಿಡ್ಬೇಡಿ ಸಾರ್. ಫಾಗ್ ಬಿಟ್ಮೇಲೆ ಏನೂ ಕಾಣಲ್ಲ. ಮೇಡಂ ಕೈ ಹಿಡ್ಕೊಂಡು ನೇರ ಸ್ಟೇಜಿಗೆ ನಡೀರಿ, ಸಾಕು."

ಹೇಳಿದವನು ಮುರಳಿ. ಜೋಗುಪಾಳ್ಯದವನು, ಈ ಆರತಕ್ಷತೆಯ ಹೂವು, ದೀಪ, ಹಾಡು, ಎಲ್ಲದರ ಗುತ್ತಿಗೆ ಅವನದೇ. ಹೇಳಿಸಿಕೊಂಡವನು ಮದುಮಗ ಕೆಂಪರಾಜ್. ಛತ್ರದ ಬಾಗಿಲ ಹಿಂದೆ, ಹೊಸ ಕೋಟಿನೊಳಗೆ ಬೆವರುತ್ತ ನಿಂತಿದ್ದ.

"ಬಿಡೋದು ಅಂತೀರಾ?"

"ಏನ್ ಸಾರ್?"

"ಫಾಗ್ ಬಿಡೋದು ಅಂತೀರಾ? ಬೀಳೋದು ಅಲ್ವಾ?"

ಮುರಳಿ ಅವನ ಮುಖ ನೋಡಿದ. ಮದುವೆಯ ಹಿಂದಿನ ಸಂಜೆ ಗಂಡುಗಳು ಏನೇನೋ ಮಾತಾಡುತ್ತಾರೆ, ಅವನಿಗೆ ಅಭ್ಯಾಸವಾಗಿತ್ತು. "ತಾನಾಗೇ ಎಲ್ಲಿ ಬೀಳುತ್ತೆ ಸಾರ್? ನಾವೇ ಬಿಡ್ಬೇಕು."

ಕೆಂಪರಾಜನಿಗೆ ಖುಷಿಯೋ ಖುಷಿ. ಅವನ ಹೊಟ್ಟೆಪಾಡೇ ಪದ. ನಿಘಂಟು ಮಾಡುವ ಕಚೇರಿಯೊಂದರಲ್ಲಿ ಮಳೆ, ಮೋಡ, ಚಳಿಯ ಮಾತುಗಳೆಲ್ಲ ಅವನ ಪಾಲಿಗೆ ಬಂದಿದ್ದವು. ಮಂಜು ಬೀಳುತ್ತದೆ. ಇಬ್ಬನಿ ಹುಲ್ಲಿನ ಮೇಲೆ ಕೂರುತ್ತದೆ. ಕಾವಳ ಕವಿಯುತ್ತದೆ. ಸೋನೆ ಹಿಡಿಯುತ್ತದೆ. ಎಲ್ಲ ತಮ್ಮಷ್ಟಕ್ಕೆ ತಾವು ಆಗುವಂಥವು, ಯಾರೂ ಏನೂ ಮಾಡಬೇಕಾಗಿಲ್ಲ. ಅದಕ್ಕೇ ಇರಬೇಕು, ಆ ಪದಗಳ ನಡುವೆ ಅವನಿಗೆ ಅಷ್ಟು ನೆಮ್ಮದಿ. ಈಗ ನೋಡಿದರೆ ಈ ಮಹಾಶಯ ಮಂಜನ್ನು ಬಿಡುತ್ತಾನಂತೆ!

ಮದುಮಗಳು ಭವ್ಯಳಿಗೆ ಹೇಳಬೇಕು ಅನ್ನಿಸಿತು. ಮರುಕ್ಷಣ ಬೇಡ ಅನ್ನಿಸಿತು.

ಹೋದ ವಾರ ಹಲಸೂರಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ ಭವ್ಯ ನಗುನಗುತ್ತಲೇ ಅವನನ್ನು ಹಿಡಿದುಹಾಕಿದ್ದಳು. ಅವಳು ಇಂದಿರಾನಗರದಲ್ಲಿ ಫಿಸಿಯೋಥೆರಪಿಸ್ಟ್. ಸೊಂಟ ಮುರಿದುಕೊಂಡವರನ್ನು ಎಬ್ಬಿಸಿ ನಡೆಸುವ ಹೆಂಗಸಿಗೆ ಸುಳ್ಳು ನೋವು ಯಾವುದು, ನಿಜದ್ದು ಯಾವುದು ಎಂದು ಗೊತ್ತಾಗದೆ ಇರುತ್ತದೆಯೇ?

"ಯಾವಾಗ್ಲೂ ಯಾವ್ದೋ ಪದದ ಬಗ್ಗೆ ಮಾತಾಡ್ತೀರಿ. ಚೆನ್ನಾಗೇ ಇರುತ್ತೆ, ಇಲ್ಲ ಅನ್ನಲ್ಲ. ನಿಮ್ ಬಗ್ಗೆ ಒಂದ್ ಮಾತು ಹೇಳ್ರಿ. ಮುಹೂರ್ತದ ಒಳಗೆ."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಏನಿಲ್ಲಪ್ಪ. ಮದ್ವೆ ಆಗುತ್ತೆ. ಅಷ್ಟೇ ಆಗುತ್ತೆ."

ಆ 'ಅಷ್ಟೇ' ಅವನ ಬೆನ್ನು ಬಿಡಲಿಲ್ಲ. ಇವತ್ತು ಬೆಳಿಗ್ಗೆ ಛತ್ರದ ಬೀಗದಕೈ ಇಸಿದುಕೊಳ್ಳಲು ಬಂದಾಗ ಹಲಸೂರು ಕೆರೆಯ ಮೇಲೆ ನಿಜವಾದ ಕಾವಳ ಕವಿದಿತ್ತು. ಆಚೆ ದಡವೇ ಇಲ್ಲ. ವಾಕಿಂಗಿಗೆ ಬಂದವರು ಫೋನು ನೋಡಿಕೊಂಡು ಅದರ ಪಕ್ಕದಲ್ಲೇ ಹೋಗುತ್ತಿದ್ದರು. ಅವನೊಬ್ಬನೇ ಕಂಬಿ ಹಿಡಿದು ನಿಂತು, ಎದೆ ತುಂಬಿ ಬಂದು, ಅವಳಿಗೆ ಫೋನು ಮಾಡಿದ್ದ.

"ಕೆರೆ ಮೇಲೆ ಕಾವಳ ಇದೆ ಕಣ್ರೀ. ಎಷ್ಟ್ ಚೆನ್ನಾಗಿದೆ ಗೊತ್ತಾ!"

"ಅದು ಕೆರೆ ವಿಷ್ಯ ಆಯ್ತು," ಎಂದಿದ್ದಳು ಭವ್ಯ, ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ.

ಮುಹೂರ್ತ ನಾಳೆ ಬೆಳಗಿಗೆ. ಅವನ ಹತ್ತಿರ ಇದ್ದದ್ದು ಈ ಒಂದು ಸಂಜೆ.

ಭವ್ಯ ಬಂದು ಪಕ್ಕದಲ್ಲಿ ನಿಂತಳು. ಹಸಿರು ಸೀರೆ, ಮುಡಿ ಹೊರಲಾರದಷ್ಟು ಮಲ್ಲಿಗೆ. ಕೈ ಚಾಚಿದಳು. ಹಿಡಿದುಕೊಂಡ. ಬೆಚ್ಚಗಿತ್ತು.

ಬಾಗಿಲು ತೆರೆಯಿತು. ಹಾಡು ಮೊಳಗಿತು. ಕೆ.ಆರ್. ಪುರದಿಂದ ಟ್ರಾಫಿಕ್ಕಿನಲ್ಲಿ ಬೆಂದು ಬಂದಿದ್ದ ನೆಂಟರೆಲ್ಲ ಎದ್ದುನಿಂತು ಶಿಳ್ಳೆ ಹಾಕಿದರು. ಮುಂದಿನ ಸಾಲಿನಲ್ಲಿ ಅವನ ಅಜ್ಜಿ ಮಾರಕ್ಕ, ರೇಷ್ಮೆ ಸೀರೆಯ ಮೇಲೆ ಮಫ್ಲರ್ ಸುತ್ತಿಕೊಂಡು, ಎರಡು ಕೈಯಲ್ಲೂ ಚಪ್ಪಾಳೆ ಬಡಿಯುತ್ತಿದ್ದಳು. ಎಷ್ಟು ಸಂತೋಷ ಆ ಮುಖಗಳಲ್ಲಿ! ಇದೆಲ್ಲ ಬೇರೆ ಯಾರದೋ ಮದುವೆ, ತಾನೂ ಊಟಕ್ಕೆ ಬಂದವನು ಅನ್ನಿಸಿ ಕೆಂಪರಾಜ್ ನಕ್ಕ. ಫೋಟೋದವನು ಆ ನಗುವನ್ನು ಹಿಡಿದುಕೊಂಡ.

ಮುರಳಿ ಬಿಟ್ಟ. ಬಿಸಿನೀರಿನ ಟಬ್ಬಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕಾಗಿದ್ದ ಡ್ರೈ ಐಸನ್ನೆಲ್ಲ, ಜನರ ಶಿಳ್ಳೆಗೆ ಉಬ್ಬಿ, ಒಂದೇ ಸಲ ಸುರಿದುಬಿಟ್ಟ. ಮೊದಲು ಪಾದ ಮರೆಯಾಯಿತು, ಆಮೇಲೆ ಮಂಡಿ. ಎರಡೂ ಪಕ್ಕದ ಫ್ಯಾನು ಅದನ್ನೆತ್ತಿ ಮುಖಕ್ಕೇ ತಂದವು. ಛತ್ರ ಮಾಯವಾಯಿತು.

"ಅಯ್ಯಯ್ಯೋ, ಕಾವಳ ಕವ್ಕಂತು!" ಅಜ್ಜಿಯ ದನಿ ಎಲ್ಲಿಂದಲೋ ಬಂತು. "ಲೋ ಕೆಂಪಾ, ತಲೆಗೇನಾರಾ ಕಟ್ಕಳ್ಳೋ, ಸೀತ ಆಯ್ತದೆ!"

ಜನ ಬಿದ್ದು ಬಿದ್ದು ನಕ್ಕರು. ಯಾರೋ ಹೊಗೆ ಅಂದರು, ಯಾರೋ ಮೋಡ ಅಂದರು, ಮಕ್ಕಳು ಕಿರುಚಿದರು. ಕೆಂಪರಾಜ್ ದಾರಿಯ ನಡುವೆಯೇ ನಿಂತುಬಿಟ್ಟ. ಕೋಟು ಕಾಣುತ್ತಿಲ್ಲ, ಕೈ ಕಾಣುತ್ತಿಲ್ಲ, ನೋಡುವವರು ಒಬ್ಬರೂ ಇಲ್ಲ. ಹುಟ್ಟಿದಾಗಿನಿಂದ ಹೊತ್ತುಕೊಂಡಿದ್ದ ಯಾವುದೋ ಮೂಟೆ ಇಳಿಸಿದ ಹಾಗಾಯಿತು. ಇಷ್ಟು ಹಗುರ, ಇಷ್ಟು ಖುಷಿ ಅವನಿಗೆ ಎಂದೂ ಆಗಿರಲಿಲ್ಲ.

ಅವಳ ಬೆರಳು ಒಂದು ಸಲ ಜಾರಿದ್ದು ಗೊತ್ತಾಯಿತು. ಸೆರಗು ಸರಿಮಾಡಿಕೊಳ್ಳುತ್ತಿರಬೇಕು ಅಂದುಕೊಂಡ.

"ಭವ್ಯ," ಎಂದ. ಬಹುವಚನ ಎಲ್ಲಿ ಹೋಯಿತೋ. "ನಂಗೆ ಯಾರ್ ಜೊತೆನೂ ಇರೋಕೆ ಬರಲ್ಲ. ಅಮ್ಮನ್ ಜೊತೆನೂ ಬರ್ಲಿಲ್ಲ. ಎಲ್ಲರ ಮಧ್ಯೆ ನಿಂತ್ಕೊಂಡು ಯಾವಾಗ ಮನೆಗ್ ಹೋಗ್ತೀನಪ್ಪಾ ಅಂತಿರ್ತೀನಿ, ಮನೇಲಿದ್ರೂ ಹಂಗೇ. ಆದ್ರೆ ನಿನ್ ಜೊತೆ ಇರ್ಬೇಕು ಅನ್ಸುತ್ತೆ. ಭಯ ಆಗುತ್ತೆ ಕಣೆ. ನೀನ್ ಹೋಗ್ಬೇಡ."

ಹೇಳಿಬಿಟ್ಟಿದ್ದ! ಒಂದೂ ನಿಘಂಟಿನದ್ದಲ್ಲ. ಕಣ್ಣಲ್ಲಿ ನೀರು ಬಂತು, ಮಂಜಿಗೋ ಏನೋ.

ಫ್ಯಾನು ನಿಂತವು. ಬಿಳುಪು ತೆಳ್ಳಗಾಯಿತು. ಭವ್ಯ ಆಗಲೇ ಸ್ಟೇಜಿನ ಮೆಟ್ಟಿಲ ಮೇಲಿದ್ದಳು, ಫೋಟೋದವನು ಕರೆದ ಕಡೆಗೆ ಮುಖ ಮಾಡಿ, ಅಜ್ಜಿಯ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತ. ಕೆಂಪರಾಜನ ಕೈ ಇನ್ನೂ ಚಾಚಿಕೊಂಡೇ ಇತ್ತು. ಅಂಗೈ ಒದ್ದೆ.

"ಸಾರ್, ಬೇರೆಬೇರೆ ಬಂದ್ಬಿಟ್ರಲ್ಲ!" ಮುರಳಿ ತಲೆ ಚಚ್ಚಿಕೊಂಡ. "ವಿಡಿಯೋ ಹಾಳಾಯ್ತು. ವಾಪಸ್ ಹೋಗಿ ಸಾರ್, ಇನ್ನೊಂದ್ ಟೇಕ್."

ನೆಂಟರು ಇನ್ನೂ ಜೋರಾಗಿ ಶಿಳ್ಳೆ ಹಾಕಿದರು. ಒಂದು ಟಿಕೆಟ್ಟಿಗೆ ಎರಡು ಆಟ. ಇಬ್ಬರೂ ಬಾಗಿಲಿಗೆ ಹಿಂತಿರುಗಿದರು. ಭವ್ಯ ಈ ಸಲ ತಾನಾಗೇ ಅವನ ಕೈ ಹಿಡಿದಳು, ಗಟ್ಟಿಯಾಗಿ.

"ಏನೋ ಅಂದ್ರಲ್ಲ ಒಳಗೆ? ದನಿ ಕೇಳಿಸ್ತು. ಸೀರೆ ಕಾಲಿಗೆ ಸಿಕ್ತು ಅಂತ ಕೈ ಬಿಟ್ಟೆ, ಆಮೇಲೆ ಸಿಗ್ಲೇ ಇಲ್ಲ ನೀವು. ಏನಂದ್ರಿ?"

ನಗು ನಿಂತಿತ್ತು. ಅವಳು ನಿಜವಾಗಿ ಕೇಳುತ್ತಿದ್ದಳು. ಛತ್ರದ ದೀಪವೆಲ್ಲ ಅವರಿಬ್ಬರ ಮೇಲಿತ್ತು. ಅಷ್ಟೂ ಜನರ ಕಣ್ಣು.

"ಫಾಗ್ ಬರ್ಲಿ," ಎಂದ ಕೆಂಪರಾಜ್. "ಹೇಳ್ತೀನಿ."

"ಪ್ರಾಮಿಸ್?"

"ಹೂಂ."

ಅವಳ ಮುಖ ಅರಳಿತು. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು. ಮುರಳಿ ಟಬ್ಬಿನ ಮೇಲೆ ಬಗ್ಗಿದ, ಒಳಗೆ ಕೈಯಾಡಿಸಿದ, ಐಸಿನ ಖಾಲಿ ಡಬ್ಬ ಕೊಡವಿದ.

"ಬಂತು ಸಾರ್, ಬಂತು."

ಒಂದು ಬಿಳಿ ಎಳೆ ಹೊರಟು, ನೆಲದ ಮೇಲೆ ತೆವಳಿ, ಕೆಂಪರಾಜನ ಬೂಟಿನ ತುದಿಯವರೆಗೂ ಬಂತು. ಅಲ್ಲೇ ಇಲ್ಲವಾಯಿತು. ಹಾಡು ಮುಗಿಯಿತು, ಮತ್ತೆ ಹಾಕಿದರು. ಚಪ್ಪಾಳೆ ಹೊಡೆಯುತ್ತಿದ್ದವರು ಒಬ್ಬೊಬ್ಬರಾಗಿ ಕೂತರು; ಹಿಂದಿನ ಸಾಲಿನವರು ಊಟದ ಹಾಲಿನ ಕಡೆ ನೋಡಿದರು.

"ನೀರು ತಣ್ಣಗಾಗೋಗಿದೆ ಸಾರ್. ಒಂದ್ನಿಮಿಷ."

ಅಜ್ಜಿ ಮಫ್ಲರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. "ಕಾವಳ ಎಲ್ಲಾ ಹೋಯ್ತು, ಬನ್ರೋ ಇನ್ನ!" ಎಂದು ಕೂಗಿದಳು, ತುಂಬು ಸಂತೋಷದಿಂದ.

ದಾರಿ ಸ್ಟೇಜಿನವರೆಗೂ ನಿಚ್ಚಳವಾಗಿತ್ತು. ಇಬ್ಬರೂ ಕದಲಲಿಲ್ಲ. ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದುಕೊಂಡು, ಬಾಗಿಲಲ್ಲಿ, ತಮ್ಮ ತಮ್ಮ ಪಾದಗಳನ್ನೇ ನೋಡುತ್ತ ನಿಂತಿದ್ದರು.